ಜರಡಿಗೆ ಸಿಕ್ಕ ದುಂಬಿ

ಆ ಭಾನುವಾರ ನಾವಿಬ್ಬರೂ ಹಿತ್ತಲಿನ ಕಲ್ಲಿನ ಮುಂದೆ ಕೂತು ಸೌದೆ ತಟ್ಟುತ್ತಿದ್ದೆವು. ಒಂದೊಂದು ಸೌದೆಯ ತುದಿಯನ್ನೂ ಕಲ್ಲಿಗೆ ಮೂರು ಸಲ ಮೆಲ್ಲಗೆ ತಟ್ಟಬೇಕು, ತಿರುಗಿಸಿ ಇನ್ನೊಂದು ತುದಿಯನ್ನೂ ಮೂರು ಸಲ ತಟ್ಟಬೇಕು. ಒಳಗಿನ ಹುಳ ಉದುರುತ್ತದೆ. ಉದುರಿದ್ದನ್ನು ಕೈಯಿಂದಲೇ ಆರಿಸಿ ಮೊರಕ್ಕೆ ಹಾಕಿ, ಹಿತ್ತಲಿನ ಕೊನೆಯ ಹೊಂಗೆ ಮರದ ಬುಡದಲ್ಲಿ ಬಿಟ್ಟು ಬರಬೇಕು. ಇಕ್ಕಳ ಮುಟ್ಟುವಂತಿರಲಿಲ್ಲ. ಇಕ್ಕಳದಲ್ಲಿ ಹಿಡಿದರೆ ಹುಳದ ಕಾಲು ಮುರಿಯುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಪೊರಕೆಯೂ ಕೂಡದು.

ನನ್ನ ಎದುರು ಕೂತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಮನೆಯಲ್ಲಿ ಸೊಸೆಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ನ್ಯಾಮತಿಯವಳು, ಅವಳು ಜಗಳೂರಿನವಳು. ನೆಂಟರು, ಊಟಕ್ಕೆ ಬರುವ ಗಿರಾಕಿಗಳು, ಕೊನೆಗೆ ನಮ್ಮ ಗಂಡಂದಿರು ಕೂಡ ಹಾಗೆಯೇ ಕರೆಯುತ್ತಿದ್ದರು. ಮೈದುನ ಒಳಗೆ ಬಂದು "ಜಗಳೂರೋಳೆ, ನೀರು ಕೊಡು" ಅಂದರೆ ಅವಳು "ಜಗಳೂರಾಗೆ ನೀರಿದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ" ಎಂದು ಗೊಣಗಿ ಕೊಡುತ್ತಿದ್ದಳು.

ಅವತ್ತು ಅವಳು ಒಂದು ಕೊರಡನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

"ಏನೇ ಅದು, ರೇಡಿಯೋ ಕೇಳ್ತಿದೀಯ?" ಅಂದೆ.

"ಸುಮ್ನಿರಕ್ಕ. ಒಳಗೆ ಕುಂತು ತಿಂತೈತೆ. ಕಿರ್ ಕಿರ್ ಅಂತೈತೆ ನೋಡು, ಅತ್ತೆ ಅವಲಕ್ಕಿ ತಿಂದಂಗೆ."

ಕೊರಡನ್ನು ನನ್ನ ಕಿವಿಗೂ ಇಟ್ಟಳು. ನಿಜ. ಮರ ಕೊರೆಯುವ ಹುಳ ಒಳಗೆ ಕೂತು ಅಗಿಯುವ ಸದ್ದು ಅದು. ಇಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆವು. ಅಂಥ ಸೌದೆ ತಟ್ಟಿದರೂ ಹುಳ ಬರುವುದಿಲ್ಲ. ಅವಳು ಅದನ್ನು ಬೇರೆ ತೆಗೆದು ಗೋಡೆಯ ಬದಿಗೆ ಇಟ್ಟಳು. ಹುಳ ತಾನಾಗಿ ರೆಕ್ಕೆ ಬಂದು ಹಾರಿಹೋದ ಮೇಲೆಯೇ ಅದು ಒಲೆಗೆ. ಈ ವಿದ್ಯೆ ಅವಳು ತಾಯಿಯಿಂದ ಕಲಿತದ್ದು. ಆ ದಿನ ಬೇರೇನೂ ನಡೆಯಲಿಲ್ಲ. ನಾವು ನಕ್ಕ ಕೊನೆಯ ದಿನ ಅದೇ.

ನಮ್ಮದು ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಡಿಕೆ ಮಾರಲು ಬಂದವರು, ಕಚೇರಿ ಕೆಲಸಕ್ಕೆ ಬಂದವರು, ಡ್ರೈವರು ಕಂಡಕ್ಟರುಗಳು, ಎಲ್ಲರೂ ನಮ್ಮಲ್ಲಿ ಉಣ್ಣುತ್ತಿದ್ದರು. ಎರಡು ದೊಡ್ಡ ಒಲೆ. ಒಂದರಲ್ಲಿ ಅನ್ನ ಸಾರು, ಅದು ನನ್ನದು. ಇನ್ನೊಂದರಲ್ಲಿ ರೊಟ್ಟಿ ಪಲ್ಯ, ಅದು ಅವಳದು. ಗಂಡಸರಿಬ್ಬರೂ ಬಡಿಸುವುದು, ಸಂತೆ ನೋಡಿಕೊಳ್ಳುವುದು. ಯಜಮಾನಿಕೆ ಪೂರ್ತಿ ಅತ್ತೆಯದು.

ಮಾವ ತೀರಿಕೊಂಡ ವರ್ಷ ಯಾರೋ ಸ್ವಾಮಿಗಳು ಅತ್ತೆಗೆ ಹೇಳಿದ್ದರಂತೆ. ಜನಕ್ಕೆ ಅನ್ನ ಹಾಕುವ ಒಲೆಯಲ್ಲಿ ಒಂದು ಜೀವ ಬೆಂದರೆ ಅನ್ನ ಹಾಕಿದ ಪುಣ್ಯವೆಲ್ಲ ಸುಟ್ಟುಹೋಗುತ್ತದೆ ಎಂದು. ಅತ್ತೆ ಅದನ್ನು ಬಿಗಿಯಾಗಿ ಹಿಡಿದರು. ದಿನವೂ ಮಧ್ಯಾಹ್ನದ ಊಟ ಮುಗಿದು ಒಲೆ ಆರಿದ ಮೇಲೆ ಎರಡೂ ಒಲೆಯ ಬೂದಿಯನ್ನು ಬೇರೆ ಬೇರೆ ಬುಟ್ಟಿಯಲ್ಲಿ ತರಿಸಿ, ಹಿತ್ತಲಲ್ಲಿ ಮಣೆ ಹಾಕಿ ಕೂತು, ಜರಡಿ ಹಿಡಿಯುತ್ತಿದ್ದರು. ನುಣ್ಣನೆ ಬೂದಿ ಪಾತ್ರೆ ತಿಕ್ಕಲು ಕೆಳಗೆ ಬೀಳುತ್ತಿತ್ತು. ಮೇಲೆ ಉಳಿದ ಇದ್ದಿಲು ಚೂರಿನಲ್ಲಿ ಬೆರಳಾಡಿಸಿ ಹುಡುಕುತ್ತಿದ್ದರು. ದುಂಬಿಯ ಚಿಪ್ಪೋ ಜರಿಹುಳದ ಸುರುಳಿಯೋ ಸಿಕ್ಕರೆ ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಮುಖದ ಹತ್ತಿರ ಹಿಡಿಯುತ್ತಿದ್ದರು.

"ನೋಡು, ಕಣ್ಣು ಬಿಟ್ಟು ನೋಡು. ಇದಕ್ಕೂ ಒಬ್ಬ ತಾಯಿ ಇರ್ತಾಳೆ. ಇದು ಉರ್ಕೊಂಡು ಸತ್ತೈತೆ, ನೀನು ಒಂದು ಹೊತ್ತು ಹೊಟ್ಟೆ ಉರ್ಕೋ."

ಯಾರ ಬೂದಿಯಲ್ಲಿ ಸಿಕ್ಕಿತೋ ಅವರಿಗೆ ಆ ರಾತ್ರಿ ಊಟವಿಲ್ಲ. ನೂರು ಎಲೆಗೆ ಅಡಿಗೆ ಮಾಡಿ, ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಖಾಲಿ ಹೊಟ್ಟೆಯಲ್ಲಿ ಮಲಗಬೇಕು. ಕಟ್ಟಿರುವೆಗೆ ಸಕ್ಕರೆ ಹಾಕುವ ಕೈ ಅತ್ತೆಯದು. ನೊಣ ಬಿದ್ದ ಹಾಲಿನಿಂದ ನೊಣವನ್ನು ಎತ್ತಿ, ರೆಕ್ಕೆ ಆರುವವರೆಗೂ ಬಿಸಿಲಿಗೆ ಹಿಡಿದುಕೊಂಡು ನಿಲ್ಲುವ ಹೆಂಗಸು. ಸೌದೆ ಗಾಡಿಯವನು ಮಾತ್ರ ಧೈರ್ಯವಾಗಿ ತಮಾಷೆ ಮಾಡುತ್ತಿದ್ದ. "ಅಮ್ಮಾರೆ, ಹುಳ ಸೇರ್ಸಿ ತೂಗ್ಲಾ, ಇಳ್ಸಿ ತೂಗ್ಲಾ?" ಅತ್ತೆ ನಗುತ್ತಿರಲಿಲ್ಲ.

ನಾನು ಈ ಮನೆಗೆ ಬಂದ ಎರಡನೇ ವರ್ಷ ನ್ಯಾಮತಿಯಲ್ಲಿ ನನ್ನ ತಂಗಿಯ ಮದುವೆ. ಹೊರಡುವ ಹಿಂದಿನ ದಿನ ನನ್ನ ಬೂದಿಯಲ್ಲಿ ಎರಡು ಹುಳ ಸಿಕ್ಕವು. "ಎರಡು ಜೀವ ತೆಗೆದ ಕೈಯಾಗೆ ಅಕ್ಕಿಕಾಳು ಹಾಕ್ತೀಯಾ?" ಅಂದರು ಅತ್ತೆ. ಹೋಗಲಿಲ್ಲ. ನನ್ನ ಗಂಡ ಒಬ್ಬರೇ ಹೋಗಿ ಉಂಡು ಬಂದರು. ನಾನು ಮುಂದೆ ಹೇಳಬೇಕಾದದ್ದಕ್ಕೆ ಇದು ಸಬೂಬಲ್ಲ. ಆದರೆ ಇದು ನನ್ನ ಹೊಟ್ಟೆಯಲ್ಲಿತ್ತು.

ಸೋಮವಾರ ಜಗಳೂರಿನಿಂದ ಕಾಗದ ಬಂತು. ಅವಳ ತಾಯಿಗೆ ಕಣ್ಣಿನ ಪೊರೆ ತೆಗೆದಿದ್ದರು. ನಲವತ್ತು ದಿನ ಒಲೆಯ ಹತ್ತಿರ ಸುಳಿಯಬಾರದು, ಹೊಗೆ ತಾಗಿದರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಂಡನಿಲ್ಲ, ಬೇರೆ ಮಕ್ಕಳಿಲ್ಲ. ಪಕ್ಕದ ಮನೆಯವರು ಎಂಟು ಹತ್ತು ದಿನ ಅನ್ನ ಕೊಟ್ಟಾರು. ಆಮೇಲೆ ಮಗಳು ಬಂದು ಒಂದು ತಿಂಗಳು ಬೇಯಿಸಿ ಹಾಕಿ ಹೋಗಲಿ, ಇಷ್ಟೇ ಕಾಗದ.

ಅವಳು ಓದಿ ಅತ್ತೆಯ ಮುಂದೆ ನಿಂತಳು. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹೋಗು, ಬ್ಯಾಡ ಅಂದ್ನಾ? ಒಂದೇ ಮಾತು. ಇವತ್ತು ಸೋಮವಾರ. ಬರೋ ಸೋಮವಾರದ ತನಕ ನಿನ್ನ ಬೂದಿಯಾಗೆ ಒಂದು ಹುಳ ಸಿಗಬಾರದು. ತಾಯಿ ಕಣ್ಣು ಕಾಯಾಕೆ ಹೋಗೋಳು ಮೊದ್ಲು ಬಾಯಿಲ್ದ ಜೀವ ಕಾಯೋದು ಕಲಿ."

"ಸರಿ ಅತ್ತೆ," ಅಂದಳು. ಮೈದುನ ಬಾಗಿಲಲ್ಲಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. "ಒಲೆ ಹೆಂಗಸ್ರದ್ದು. ನೀನು ಎಲೆ ಒರೆಸು ಹೋಗು" ಎಂದರು ಅತ್ತೆ. ಹೋದ.

ಆ ವಾರ ಅವಳು ಕೆಲಸ ಮಾಡಿದ್ದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ನಸುಕಿಗೇ ಎದ್ದು ಸೌದೆ ತಟ್ಟುವಳು. ತಟ್ಟಿದ್ದನ್ನು ಬಿಸಿಲಿಗೆ ಹರಡುವಳು. ಸಂದಿನಲ್ಲಿ ಅಡಗಿದ ಇರುವೆಗೆ ಬೆಲ್ಲದ ನೀರು ತೋರಿಸಿ ಹೊರಗೆ ಕರೆಯುವಳು. ಒಂದೊಂದನ್ನೂ ಕಿವಿಗೆ ಹಿಡಿದು ಕೇಳಿ, ಸದ್ದು ಇದ್ದರೆ ಬೇರೆ ಇಡುವಳು. ಒಲೆಗೆ ಇಡುವಾಗ ಮತ್ತೊಮ್ಮೆ ತಟ್ಟುವಳು. ದಿನಾ ಮಧ್ಯಾಹ್ನ ಅತ್ತೆ ಜರಡಿ ಆಡಿಸುವಾಗ ತಾನು ಪಕ್ಕದಲ್ಲಿ ನಿಲ್ಲುವಳು. ಮಂಗಳವಾರ ಚೊಕ್ಕ. ಬುಧವಾರ ಚೊಕ್ಕ. ಶುಕ್ರವಾರ ಅತ್ತೆ ಇದ್ದಿಲನ್ನು ಮೂರು ಸಲ ತಿರುವಿ ಹಾಕಿದರು, ಏನೂ ಇಲ್ಲ. ಶನಿವಾರ ಅವಳು ತನ್ನ ಚೀಲಕ್ಕೆ ಎರಡು ಸೀರೆ ಮಡಿಸಿ ಇಟ್ಟಳು.

"ಅಕ್ಕಾ, ನಾನು ಬರಾಕೆ ಒಂದು ತಿಂಗಳಾಗ್ತೈತೆ. ಎರಡು ಒಲೆ ನೀನೊಬ್ಳೆ ಹೆಂಗೆ ಮಾಡ್ತೀಯೋ."

"ಮಾಡ್ತೀನಿ ಬಿಡು, ಯಾರಿಗೆ ಬೇಕಾಗೈತೆ ನನ್ನ ಕಷ್ಟ," ಅಂದೆ. ಅವಳು ಅದನ್ನು ತಮಾಷೆ ಎಂದುಕೊಂಡು ನನ್ನ ಭುಜಕ್ಕೆ ಗುದ್ದಿದಳು.

ಭಾನುವಾರ ಊಟದ ಗಲಾಟೆ ಮುಗಿದಿತ್ತು. ಅವಳು ಪಾತ್ರೆ ಹೊತ್ತು ಬಾವಿಗೆ ಹೋದಳು. ಅತ್ತೆ ಒಳಗೆ ಕಾಲು ಚಾಚಿದ್ದರು. ಅಡಿಗೆ ಮನೆಯಲ್ಲಿ ನಾನೊಬ್ಬಳೇ. ಮೊರದಲ್ಲಿ ಬೆಳಗಿನ ಹುಳ ಇನ್ನೂ ಇದ್ದವು, ಹೊಂಗೆ ಮರಕ್ಕೆ ಒಯ್ಯಲು ಹೊತ್ತಾಗಿರಲಿಲ್ಲ. ಅದರಲ್ಲಿ ಒಂದು ಕಪ್ಪು ದುಂಬಿ, ಉದ್ದ ಮೀಸೆಯದು. ಅದನ್ನು ಎತ್ತಿಕೊಂಡೆ. ನನ್ನ ಒಲೆಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಕೆಂಡದ ಮೇಲೆ ಇಟ್ಟೆ. ಅದು ನಡೆಯಿತು. ಕೆಂಡದ ಮೇಲೆ ಎರಡು ಮೂರು ಹೆಜ್ಜೆ ನಡೆದು ಅಂಚಿಗೆ ಬಂತು. ಇಕ್ಕಳದಿಂದ ಹಿಂದಕ್ಕೆ ತಳ್ಳಿದೆ. ಮತ್ತೆ ಬಂತು, ಮತ್ತೆ ತಳ್ಳಿದೆ. ಆಮೇಲೆ ಚಿಟ್ ಎಂದು ಬೆನ್ನಿನ ಚಿಪ್ಪು ತೆರೆದುಕೊಂಡಿತು, ಒಳಗಿನ ತೆಳು ರೆಕ್ಕೆ ಒಂದು ಕ್ಷಣ ಕಂಡು ಹೋಯಿತು. ಅದು ಸಾಯುವವರೆಗೂ ನೋಡುತ್ತಾ ಕೂತಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ನನಗೆ ಸಿಗದ್ದು ಇವಳಿಗೆ ಯಾಕೆ ಸಿಗಬೇಕು.

ತಣ್ಣಗಾದ ಮೇಲೆ ಅದನ್ನು ಅವಳ ಬೂದಿ ಬುಟ್ಟಿಯ ನಡುವೆ ಒತ್ತಿ ಮೇಲೆ ಬೂದಿ ಎಳೆದೆ. ಕೈ ತೊಳೆದುಕೊಂಡೆ.

ಅತ್ತೆ ಜರಡಿ ಹಿಡಿದರು. ಅವಳು ನಗುಮುಖದಲ್ಲಿ ನಿಂತಿದ್ದಳು. ಅತ್ತೆಯ ಬೆರಳು ನಿಂತಿತು. ದುಂಬಿಯನ್ನು ಎತ್ತಿ ಊದಿ ಅಂಗೈ ಮೇಲಿಟ್ಟುಕೊಂಡರು.

"ಬಾಮ್ಮ, ಬಾ. ನಿನ್ನ ತೌರಿನ ಬಸ್ಸು ಬಂದೈತೆ ನೋಡು."

ಅವಳು ಬಗ್ಗಿ ನೋಡಿದಳು. "ಇಲ್ಲ ಅತ್ತೆ. ಇದು ನನ್ನ ಸೌದೆಯಾಗೆ ಇರ್ಲಿಲ್ಲ. ಇಷ್ಟು ದೊಡ್ಡದು ಇದ್ದಿದ್ರೆ ನನಗೆ ಕೇಳ್ತಿತ್ತು."

"ಹಂಗಾದ್ರೆ ನಾನು ಮಡ್ಲಾಗೆ ಇಟ್ಕೊಂಡು ಬಂದು ಹಾಕಿದ್ನಾ?"

ಅವಳು ನನ್ನ ಕಡೆ ತಿರುಗಿದಳು. ಸಂಶಯದಿಂದಲ್ಲ. ಅಕ್ಕಾ ನೀನಾದರೂ ಹೇಳು, ನೀನು ನೋಡಿದ್ದೀಯಲ್ಲ ನಾನು ಹೇಗೆ ತಟ್ಟುತ್ತೇನೆ ಎಂದು, ಅಂಥ ನೋಟ. ನಾನು ಸೆರಗು ಸರಿಮಾಡಿಕೊಂಡು "ಒಂದೊಂದ್ಸಲ ಎಷ್ಟು ನೋಡಿದ್ರೂ ಉಳಿದುಬಿಡ್ತೈತೆ" ಅಂದೆ.

"ನಾಳೆ ಸೋಮವಾರ. ಮತ್ತೆ ಮೊದ್ಲಿಂದ ಎಣಿಸು," ಎಂದು ಅತ್ತೆ ಎದ್ದರು. ಆ ರಾತ್ರಿ ಅವಳಿಗೆ ಊಟವಿರಲಿಲ್ಲ. ನಾನು ಉಂಡೆ.

ಎರಡನೇ ವಾರ ಅವಳು ಮಾತು ಬಿಟ್ಟಳು. ತನ್ನ ಕಿವಿಯ ಮೇಲೆ ತನಗೇ ನಂಬಿಕೆ ಹೋಗಿತ್ತು. ಕೇಳಿದ ಸೌದೆಯನ್ನೇ ಮತ್ತೆ ಮತ್ತೆ ಕೇಳುವಳು. ಕೇಳಿಯೂ ಸಾಲದೆ ಪ್ರತಿ ತೂತಿಗೆ ಬೆರಳು ಹಾಕಿ, ಪ್ರತಿ ತೊಗಟೆಯ ಕೆಳಗೆ ಉಗುರು ತೂರಿಸಿ ನೋಡತೊಡಗಿದಳು. ಹಾಗೆ ಮಾಡಬೇಡ ಎಂದು ಹೇಳಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ನನ್ನ ಪಾಲಿನ ಸೌದೆ ತಟ್ಟಿದೆ. ಬುಧವಾರ ಜಗಳೂರಿನಿಂದ ಇನ್ನೊಂದು ಕಾಗದ ಬಂತು. ಪಕ್ಕದ ಮನೆಯವರು ಕೂಲಿಗೆ ದೂರ ಹೊರಟಿದ್ದಾರೆ, ಗುರುವಾರದಿಂದ ನಾನೇ ಒಲೆ ಹಚ್ಚಬೇಕು, ಬೇಗ ಬಾ ಎಂದು. ಅವಳು ಅದನ್ನು ಅತ್ತೆಗೆ ತೋರಿಸಿದಳು. ಅತ್ತೆ "ಇನ್ನು ಐದೇ ದಿನ" ಅಂದರು.

ಶುಕ್ರವಾರ ಬೆಳಿಗ್ಗೆ, ಒಳಗೆ ಪೊಳ್ಳಾದ ಒಂದು ಮಾವಿನ ಕೊರಡು. ತಟ್ಟಿದಾಗ ಇರುವೆಯ ಬಿಳಿ ಮೊಟ್ಟೆ ಉದುರಿದವು. ಒಳಗೆ ಇನ್ನೂ ಇರಬಹುದೆಂದು ಅವಳು ಮೊಣಕೈವರೆಗೂ ಕೈ ಹಾಕಿದಳು. ಕೂಗಲಿಲ್ಲ. ಕೈ ಹೊರಗೆ ಎಳೆದು ಬೆರಳನ್ನು ನೋಡಿಕೊಂಡಳು. ಕೊರಡಿನಿಂದ ಕೆಂಪು ಚೇಳು ಹೊರಗೆ ಬಂದು ಕಲ್ಲಿನ ಮೇಲೆ ನಿಂತಿತು. ದೊಡ್ಡದೇನಲ್ಲ, ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ.

ನಾನು ಕಲ್ಲು ಎತ್ತಿದೆ. ಅತ್ತೆ ಹಿಂದೆ ಬಂದು ನಿಂತಿದ್ದರು.

"ಏಯ್! ಬಿಡೇ ಅದನ್ನ. ಅದರ ಮನೆಯೊಳಗೆ ಕೈ ಹಾಕಿದೋಳು ಇವಳು. ಮೊರದಾಗೆ ತಗೊಂಡು ಹೋಗಿ ಮರಕ್ಕೆ ಬಿಟ್ಟು ಬಾ."

ನನ್ನ ವಾರಗಿತ್ತಿ ಕೈ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಾನು ಎರಡು ಕರಟದ ನಡುವೆ ಚೇಳನ್ನು ಹಿಡಿದು ಮೊರಕ್ಕೆ ಹಾಕಿ, ಹೊಂಗೆ ಮರದವರೆಗೂ ನಡೆದು, ಬಿಟ್ಟು ಬಂದೆ.

ಚೇಳಿನ ಮಂತ್ರ ಹಾಕುವ ಮುದುಕನನ್ನು ಕರೆಸಿದರು. ಅವನು ಸೊಪ್ಪು ಅರೆದು ಹಚ್ಚಿ ತೋಳಿಗೆ ದಾರ ಕಟ್ಟಿ, "ಇಳೀತೈತೆ, ಎರಡು ತಾಸು" ಅಂದ. ಅಷ್ಟರಲ್ಲಿ ದಾವಣಗೆರೆಯ ಬಸ್ಸು ಬಂದು ಜನ ಊಟಕ್ಕೆ ಕೂತರು. "ನ್ಯಾಮತಿಯೋಳೆ, ಎರಡೂ ಒಲೆ ನೋಡ್ಕೋ" ಎಂದರು ಅತ್ತೆ. ಅವಳನ್ನು ಸೌದೆ ಕೋಣೆಯ ಪಕ್ಕದ ಉಗ್ರಾಣದಲ್ಲಿ ಚಾಪೆ ಹಾಕಿ ಮಲಗಿಸಿದ್ದರು. ಬಾಗಿಲು ತೆರೆದೇ ಇತ್ತು. ರೊಟ್ಟಿ ತಟ್ಟುತ್ತಾ ನನಗೆ ಕಾಣುತ್ತಿದ್ದಳು. ವಾಂತಿ ಮಾಡಿಕೊಂಡಳು. ಮೈಯೆಲ್ಲ ಬೆವರು, ಮುಟ್ಟಿದರೆ ಬಾವಿಯ ನೀರಿನ ಹಾಗೆ ತಣ್ಣಗೆ. ಒಂದು ಸಲ ನೀರು ಕೊಡಲು ಹೋದಾಗ ನನ್ನ ಸೆರಗು ಹಿಡಿದಳು.

"ಅಕ್ಕಾ, ನನ್ನ ಒಲೆ ಪಕ್ಕ ಇರೋ ಸೌದೆ ಇನ್ನೂ ತಟ್ಟಿಲ್ಲ. ತಟ್ಟಿ ಹಾಕು. ಇವತ್ತಿಗೆ ಐದು ದಿನ."

"ಹಾಕ್ತೀನಿ, ಮಲ್ಕೋ," ಅಂದೆ. ಹೊರಗೆ ಯಾರೋ "ರೊಟ್ಟಿ ತರ್ರೀ" ಎಂದು ಕೂಗುತ್ತಿದ್ದರು.

ಮೂರು ಗಂಟೆಯ ಹೊತ್ತಿಗೆ ಕೆಮ್ಮು ಶುರುವಾಯಿತು. ಬಾಯಲ್ಲಿ ನೊರೆ, ನೊರೆಯಲ್ಲಿ ತೆಳು ಕೆಂಪು. ಆಗ ಮೈದುನ ಯಾರ ಮಾತೂ ಕೇಳದೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ನಾನು ಹಿಂದೆ ಓಡಿದೆ. ಡಾಕ್ಟರು ತಮಗೆ ಗೊತ್ತಿದ್ದದ್ದೆಲ್ಲ ಮಾಡಿದರು. ಬೇಗ ತಂದಿದ್ದರೂ ಹೇಳುವ ಹಾಗಿರಲಿಲ್ಲ, ಕೆಂಪು ಚೇಳಿಗೆ ಸರಿಯಾದ ಔಷಧಿ ಇನ್ನೂ ಇಲ್ಲ ಎಂದರು. ಕೂತಲ್ಲೇ ಉಸಿರಿಗೆ ಬಾಯಿ ಬಿಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಹೋದಳು.

ಮರುದಿನ ಬೆಳಿಗ್ಗೆ ಅವಳ ತಾಯಿ ಬಂದರು, ಊರಿನ ಒಬ್ಬ ಹೆಂಗಸಿನ ಕೈ ಹಿಡಿದುಕೊಂಡು. ಒಂದು ಕಣ್ಣಿಗೆ ಹಸಿರು ಬಟ್ಟೆ. ಬಟ್ಟೆಯ ಕೆಳಗಿನಿಂದ ಕೀವು ಇಳಿದು ಕೆನ್ನೆ ಮೇಲೆ ಒಣಗಿತ್ತು. ಎರಡು ದಿನ ತಾವೇ ಒಲೆ ಊದಿದ್ದರಂತೆ. ಗೋಡೆಗೆ ಒರಗಿಸಿ ಕೂರಿಸಿದ್ದ ಮಗಳ ಮುಖವನ್ನು ಬೆರಳಿನಿಂದ ಸವರಿ ನೋಡಿದರು. ಹಣೆ, ಮೂಗು, ಕಿವಿ. ಆಮೇಲೆ ಹತ್ತಿರವಿದ್ದ ನನ್ನ ಕೈ ಸಿಕ್ಕಿತು, ಅದನ್ನು ಹಿಡಿದುಕೊಂಡರು.

"ನೀನು ನ್ಯಾಮತಿಯಾಕೆ ಅಲ್ವೇನವ್ವ? ಕಾಗದದಾಗೆಲ್ಲ ನಿನ್ನ ಮಾತೇ ಬರೀತಿದ್ಲು. ಯಾಕವ್ವ ಕಳಿಸ್ಲಿಲ್ಲ ನನ್ನ ಮಗಳನ್ನ? ಹೋದ ಸೋಮವಾರ ಬರ್ತೀನಿ ಅಂದಿದ್ಲಲ್ಲ."

ನಾನು, "ಬೂದಿಯಾಗೆ ದುಂಬಿ ಸಿಕ್ತು" ಅಂದೆ.

ಆಕೆ, "ನಾನೇ ಸರಿಯಾಗಿ ಕಲಿಸ್ಲಿಲ್ಲ" ಎಂದರು. ಎಂದು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು. ನಾನು ಆ ಕೈ ಹಿಡಿದು ನಿಲ್ಲಿಸಿದೆ. ಕೈಯನ್ನಷ್ಟೇ ನಿಲ್ಲಿಸಿದೆ.

ಮಣ್ಣು ಮಾಡಿ ಬಂದ ಮೂರನೇ ದಿನ ಒಲೆ ಸಾರಿಸಲು ಹಳೆ ಬೂದಿ ತೆಗೆದೆ. ಅತ್ತೆ ಮಣೆ ಹಾಕಿಕೊಂಡು ಕೂತೇ ಇದ್ದರು. ಎರಡೂ ಬುಟ್ಟಿ ತರಿಸಿದರು. ಅವಳ ಬೂದಿಗೆ ಜರಡಿ ಹಿಡಿದು ಇದ್ದಿಲಿನಲ್ಲಿ ಬೆರಳಾಡಿಸಿದರು. ಏನೂ ಸಿಗಲಿಲ್ಲ. ಅವಳು ಹೇಳಿದಂತೆ ನಾನು ತಟ್ಟಿ ಹಾಕಿದ್ದೆ.

"ಚೊಕ್ಕ ಐತೆ," ಎಂದರು ಅತ್ತೆ. "ಈ ಬುದ್ಧಿ ಆ ವಾರನೇ ಇದ್ದಿದ್ರೆ ಊರಿಗಾದ್ರೂ ಹೋಗಿ ಬದುಕ್ತಿದ್ಲು."

ಆ ಮಾತು ನನಗೇ ಹೇಳಿದರೋ ಸುಮ್ಮನೆ ಅಂದರೋ ಇವತ್ತಿಗೂ ತಿಳಿಯದು. ವರ್ಷ ತುಂಬುವುದರೊಳಗೆ ಮೈದುನನಿಗೆ ಇನ್ನೊಂದು ಮದುವೆ ಮಾಡಿದರು. ಬಂದವಳಿಗೆ ಸೌದೆ ತಟ್ಟುವುದನ್ನು ಕಲಿಸುವ ಕೆಲಸ ನನಗೇ ಬಿತ್ತು. ಕಲಿಸಿದೆ.

ಎಂಬತ್ತರ ದಶಕದಲ್ಲಿ ಅತ್ತೆ ತೀರಿಕೊಂಡರು. ಖಾನಾವಳಿ ಮುಚ್ಚಿ ನಾವು ಹೊನ್ನಾಳಿಗೆ ಬಂದೆವು. ಕೆಲವು ವರ್ಷದಲ್ಲಿ ಗ್ಯಾಸಿನ ಒಲೆ ಬಂತು. ಮೊದಲ ದಿನ ಬೆಂಕಿಕಡ್ಡಿ ಗೀರಿ ನೀಲಿ ಉರಿ ನೋಡಿದಾಗ, ಇದರಲ್ಲಿ ಯಾರಿಗೂ ಏನೂ ಹಾಕಲು ಆಗುವುದಿಲ್ಲ ಅನ್ನಿಸಿತು. ಕೂತು ಅತ್ತುಬಿಟ್ಟೆ. ಗಂಡ ಹೊಗೆ ಇಲ್ಲದೆಯೂ ಕಣ್ಣೀರಾ ಎಂದು ತಮಾಷೆ ಮಾಡಿದರು. ಅವರಿಗೂ ನಾನು ಹೇಳಿಲ್ಲ.

ಅದೇ ವರ್ಷ ಒಬ್ಬಳೇ ಬಸ್ಸು ಹತ್ತಿ ಜಗಳೂರಿಗೆ ಹೋದೆ. ಹೇಳಬೇಕೆಂದೇ ಹೋದದ್ದು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವಾಗಲೂ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಆ ತಾಯಿಯ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕು ಕತ್ತಲೆ ಮಾತ್ರ. ನನ್ನ ದನಿ ಗುರುತು ಹಿಡಿದು ಖುಷಿಪಟ್ಟರು. ನವಣಕ್ಕಿ ಅನ್ನ ಮಾಡಿಸಿದರು. ಬೇಯಿಸುತ್ತಿದ್ದ ಪಕ್ಕದ ಮನೆಯ ಹುಡುಗಿಗೆ ಕೂತಲ್ಲಿಂದಲೇ ಕೂಗಿ ಹೇಳಿದರು:

"ಸೌದೆ ನೋಡಿ ಹಾಕೇ. ನನ್ನ ಮಗಳು ನೋಡ್ದೆ ಹಾಕಿ ಕೆಟ್ಲು."

"ಎಷ್ಟು ಸಲ ಹೇಳ್ತೀಯಜ್ಜಿ," ಎಂದಳು ಆ ಹುಡುಗಿ.

"ನೀನು ಹೇಳವ್ವ ಇವಳಿಗೆ, ನೀನು ಕಣ್ಣಾರೆ ಕಂಡಾಕೆ," ಎಂದು ಆ ತಾಯಿ ನನ್ನ ಕಡೆ ತಿರುಗಿದರು.

ನಾನು, "ಹೌದು, ನೋಡಿ ಹಾಕ್ಬೇಕು" ಅಂದೆ. ಅನ್ನ ಉಂಡು ಸಂಜೆಯ ಬಸ್ಸಿಗೆ ವಾಪಸು ಬಂದೆ. ಮುಂದಿನ ಬೇಸಿಗೆಯಲ್ಲಿ ಆಕೆಯೂ ತೀರಿಕೊಂಡರು ಎಂದು ತಡವಾಗಿ ಗೊತ್ತಾಯಿತು.

ಮಗಳದು ತಪ್ಪಿರಲಿಲ್ಲ ಎಂದು ಆ ತಾಯಿಗೆ ಯಾರೂ ಹೇಳಲಿಲ್ಲ.